ಕೆಂಪಾಜಮ್ಮನ ಬರಿಗೈ

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗಿರುವ ಆ ಊರಿನಲ್ಲಿ ಯಾರ ಹಸು ಕರು ಹಾಕಲು ಕಷ್ಟಪಟ್ಟರೂ ಮೊದಲು ಕೂಗುತ್ತಿದ್ದುದು ಡಾಕ್ಟರನ್ನಲ್ಲ, ಕೆಂಪಾಜಮ್ಮನನ್ನು. ಮೂವತ್ತು ವರ್ಷ ಮೊಣಕೈವರೆಗೆ ಹರಳೆಣ್ಣೆ ಸವರಿಕೊಂಡು, ಒಳಗೆ ಕೈ ಹಾಕಿ, ಅಡ್ಡ ಸಿಕ್ಕಿಕೊಂಡ ಕರುಗಳನ್ನು ತಿರುಗಿಸಿ ಎಳೆದವಳು. ಆಮೇಲೆ ಬಿದ್ದ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಕೆರೆ ಏರಿಯ ಆಲದ ಮರಕ್ಕೆ ಕಟ್ಟಿ ಬರುವವಳೂ ಅವಳೇ. ಹಾಲು ಸುರಿಯುವ ಮರಕ್ಕೆ ಕಟ್ಟಿದರೆ ಹಸುವೂ ಹಾಲು ಸುರಿಸುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಮಧ್ಯಾಹ್ನ ಊರ ದನವೆಲ್ಲ ಮಲಗುವುದು ಅದೇ ಮರದ ನೆರಳಿನಲ್ಲಿ.

ಹೋದ ವರ್ಷದಿಂದ ಅವಳಿಗೆ ಸಂಜೆಯಾದರೆ ಜ್ವರ, ಬೆಳಗಾದರೆ ಮೈಯೆಲ್ಲ ಬೆವರು, ಕೂತರೆ ಏಳಲು ಬಿಡದ ಸೊಂಟ. ಟೈಫಾಯ್ಡ್ ಅಂದರು, ವಯಸ್ಸಾಯಿತು ಅಂದರು. ಕೊನೆಗೆ ಮೈಸೂರಿನ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಇದು ದನದಿಂದ ಬಂದ ಕಂದು ರೋಗ, ಬ್ರೂಸೆಲ್ಲೋಸಿಸ್, ದಿನ ತುಂಬದೆ ಕಂದು ಹಾಕಿದ ಹಸುವನ್ನು ಬರಿಗೈಯಲ್ಲಿ ಮುಟ್ಟಿದ್ದಿರಾ ಎಂದು ಕೇಳಿದರು. ಅವಳಿಗೆ ಪಕ್ಕದ ಬೀದಿಯ ಜವರಯ್ಯನ ಕರಿ ಹಸು ನೆನಪಾಯಿತು. ಎರಡು ಸಲವೂ ಏಳು ತಿಂಗಳಿಗೇ ಸತ್ತ ಕರು ಹಾಕಿತ್ತು. ಎರಡು ಸಲವೂ ಅವನು "ಕಾಲು ಜಾರಿ ಬಿತ್ತು ಕೆಂಪಕ್ಕ" ಎಂದಿದ್ದ.

ಊರಿಗೆ ಮರಳುವಾಗ ಅವಳು ದನದ ಆಸ್ಪತ್ರೆಗೆ ಹೋಗಿ ಡಾಕ್ಟರ್ ನಟರಾಜುವನ್ನು ಆ ಹಸುವಿನ ಬಗ್ಗೆ ಕೇಳಿದಳು.

"ಮೊದಲ್ನೇ ಸಲವೇ ರಕ್ತ ತೆಗೆದು ಜವರಯ್ಯಂಗೆ ಹೇಳಿದ್ನಲ್ಲಮ್ಮ. ಹಸು ಮಾರ್ಬೇಡ, ಮಾಸನ್ನ ಯಾರೂ ಮುಟ್ಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ ಅಂತ" ಎಂದ ಅವನು, ಇನ್ನು ಮುಂದೆ ಬಳಸಿ ಎಂದು ಒಂದು ಜೊತೆ ಉದ್ದನೆಯ ಗ್ಲೌಸು ಕೊಟ್ಟ.

ಕೆಂಪಾಜಮ್ಮನಿಗೆ ಮೈ ಉರಿದುಹೋಯಿತು. ಎರಡನೆಯ ಸಲ ಎಲ್ಲ ಗೊತ್ತಿದ್ದೇ ಕೂಗಿದ್ದ, ಆ ಮನೆಹಾಳ! ತಾನು ಮಾರು ದೂರ ನಿಂತು "ಎಳಿ ಕೆಂಪಕ್ಕ, ಎಳಿ" ಎಂದಿದ್ದ.

ಬಸ್ಸಿಳಿದವಳು ಸೀದಾ ಅವನ ಮನೆಗೇ ಹೋದಳು. ಬಾಗಿಲಲ್ಲಿ ಊರಿನ ಬಾಡಿಗೆ ಡ್ರೈವರ್ ರಘುವಿನ ಟೆಂಪೊ ನಿಂತಿತ್ತು. ಕರಿ ಹಸು ಅದರೊಳಗಿತ್ತು, ಜವರಯ್ಯ ಪಕ್ಕದಲ್ಲಿ ನಿಂತಿದ್ದ.

"ಎಲ್ಲಿಗ್ಲಾ ಸಾಗಿಸ್ತಿದ್ದೀಯ?"

"ಕೆ.ಆರ್. ನಗರದ ಕಡೆಯೋರು ಕೇಳವ್ರೆ ಕಣಕ್ಕ."

"ರೋಗ ಅದೆ ಅಂತ ಅವ್ರಿಗೆ ಏಳಿದ್ದೀಯಾ? ನಂಗಾದ್ರೂ ಏಳ್ಬಾರ್ದಾಗಿತ್ತಾ?"

"ಏಳಿದ್ರೆ ನೀನು ಬತ್ತಿದ್ದಾ?" ಜವರಯ್ಯನೂ ದನಿ ಎತ್ತಿದ. "ಈ ವರ್ಷ ನಾಕು ಮನೆ ಅಸ ಕಂದು ಆಕವೆ. ಮಾಸ ಮರಕ್ಕೆ ಕಟ್ಟಿದ್ದು ನಾನಾ, ನೀನಾ?"

ಕೆಂಪಾಜಮ್ಮ ಕೆರೆ ಏರಿಯ ಕಡೆ ತಿರುಗಿ ನೋಡಿದಳು. ಮಾತು ಸುಳ್ಳಲ್ಲ. ನಾಯಿಗಳು ಆ ಮಾಸಿನ ಗಂಟುಗಳನ್ನು ದನ ಮಲಗುವ ಜಾಗದಲ್ಲೇ ಎಳೆದಾಡಿದ್ದನ್ನು ಅವಳೇ ಕಂಡಿದ್ದಳು.

"ಕಟ್ಟಿದ್ದು ನಾನೇ. ಗೊತ್ತಿಲ್ದೆ ಕಟ್ದೆ. ನೀನು ಗೊತ್ತಿದ್ದೂ ನಿಂತು ನೋಡ್ದೆ."

ನೋಯುವ ಸೊಂಟ ಹಿಡಿದುಕೊಂಡು ಟೆಂಪೊದ ಮುಂದಿನ ಚಕ್ರಕ್ಕೆ ಒರಗಿ ಕೂತುಬಿಟ್ಟಳು. "ಆ ಊರಲ್ಲೂ ನನ್ನಂತೋಳು ಒಬ್ಳು ಇರ್ತಾಳೆ ಕಣ್ಲಾ. ಕೂಗಿದ ತಕ್ಷಣ ಓಡ್ಬತ್ತಾಳೆ. ಎಣ್ಣೆ ಅಚ್ಕಂಡು ಬರಿಗೈ ಆಕ್ತಾಳೆ."

ರಘು ಕೀಲಿ ಜೇಬಿಗಿಟ್ಟು, ಹಿಂದಿನ ಬಾಗಿಲು ತೆಗೆದು ಹಸುವನ್ನು ಇಳಿಸಿದ.

"ಗುದ್ದಲಿ ತಕ, ಸುಣ್ಣ ತಕ. ಏರಿ ಮೇಲಿರೋ ಗಂಟುಗಳ್ನೆಲ್ಲ ಇವತ್ತು ನೀನೇ ಇಳ್ಸಿ ಊಳ್ಬೇಕು" ಎಂದಳು ಕೆಂಪಾಜಮ್ಮ.

ಜವರಯ್ಯ ತನ್ನ ಕೈಗಳನ್ನು ನೋಡಿಕೊಂಡ. "ಬರಿಗೈಲಾ?"

ಅವಳು ಚೀಲದಿಂದ ಗ್ಲೌಸು ತೆಗೆದು ಅವನ ಮುಖಕ್ಕೆ ಎಸೆದಳು.

"ಆಕ್ಕೊ. ನಾನು ನಿನ್ನಂಗಲ್ಲ."