ಅಣ್ಣ ಜಾರಿದ್ದಕ್ಕೆ ಮೆತ್ತನೆಯ ಮಾತುಗಳು

ಬಿಟ್ಟ ಚಟಕ್ಕೆ ಯಾರಾದರೂ ಮತ್ತೆ ಬಿದ್ದರೆ ನಮ್ಮ ಮನೆಯಲ್ಲಿ ಅದಕ್ಕೆ ಬಗೆಬಗೆಯ ಮಾತುಗಳಿವೆ. ಒಂದೂ ಖರೆ ಮಾತಲ್ಲ. ಅವ್ವ "ಬ್ಯಾನಿ ಹೊಳ್ಳಿ ಬಂತು" ಅನ್ನುತ್ತಾಳೆ, ಚಳಿಜ್ವರದ ಸುದ್ದಿ ಹೇಳಿದ ಹಾಗೆ. ಅಣ್ಣನ ಹೆಂಡತಿ, ನಮ್ಮ ವೈನಿ, "ಸ್ವಲ್ಪ ಶುರು ಆಗೈತಿ ನೋಡ್ವಾ" ಅನ್ನುತ್ತಾಳೆ, ಹೊರಗೆ ಮಳೆ ಶುರುವಾದಂತೆ. ಅಣ್ಣನದಂತೂ ಕೇಳಲೇಬೇಡಿ. "ನಾ ಬಿಟ್ಟೇನಿ ತಂಗಿ, ಅದು ನನ್ನ ಬಿಡವಲ್ದು." ಗುಟ್ಕಾ ಚೀಟಿ ತಾನೇ ಹಾರಿಬಂದು ಇವನ ಬಾಯಿಗೆ ಬೀಳುತ್ತದೋ ಏನೋ.

ಇದೇ ಅಣ್ಣ, ಮುಂಡರಗಿಯಲ್ಲಿರುವ ತನ್ನ ಬೀಜ-ಗೊಬ್ಬರದ ಅಂಗಡಿಯ ಹಮಾಲ ಬಿಟ್ಟ ಕುಡಿತಕ್ಕೆ ಮತ್ತೆ ಬಿದ್ದಾಗ, "ಹಳಿ ಚಾಳಿ ಬಿಡ್ಲಿಲ್ಲ ನನ್ಮಗ" ಎಂದು ಮಂದಿಯ ಎದುರೇ ಬೈದು ಕೆಲಸ ಬಿಡಿಸಿದ್ದ. ಹಮಾಲನದು ಚಾಳಿ, ಸಾವ್ಕಾರನದು ಬ್ಯಾನಿ. ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಅಣ್ಣನ ಬಾಯಿ ವರ್ಷದಿಂದ ವರ್ಷಕ್ಕೆ ಬಿಗಿಯುತ್ತ ಬಂದಿತ್ತು. ಗದಗಿನ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ಮೂರು ಬೆರಳು ಹಿಡಿಯಬೇಕಾದ ಬಾಯಿಯಲ್ಲಿ ಎರಡು ಬೆರಳು ತಿಣುಕುತ್ತ ಹೋದವು. "ಗುಟ್ಕಾ ಅಷ್ಟ ಅಲ್ಲ, ಅಡಿಕಿನೂ ಮುಟ್ಟಬ್ಯಾಡ್ರಿ. ಬಾಯಿ ಬಿಗಿಯೂದು ಅಡಿಕಿಯಿಂದನ. ಮುಂದ ಉಣ್ಣಾಕೂ ಬಾಯಿ ತೆರಿಯೂದಿಲ್ಲ, ಮಾತಾಡಾಕೂ ತೆರಿಯೂದಿಲ್ಲ" ಎಂದರು ಡಾಕ್ಟರು. ಆಗ ಅವನ ಒಬ್ಬಳೇ ಮಗಳಿಗೆ ವರ ನೋಡುತ್ತಿದ್ದರು. ಬಸ್ಸಿನಲ್ಲಿ ಕೂತು ಅಣ್ಣ, "ಮಗಳ ಲಗ್ನದಾಗರ ನಾ ನೆಟ್ಟಗ ಮಾತಾಡಬೇಕು" ಎಂದ. ಅಂದು ಅವನ ಮೇಲೆ ಕನಿಕರ ಬಂದದ್ದು ಸುಳ್ಳಲ್ಲ.

ಆ ಶ್ರಾವಣದಲ್ಲಿ ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಅಣ್ಣನ ಓಣಿಗೆ ಬಂದರು. ಆ ಜೋಳಿಗೆಗೆ ಹಾಕುವುದು ಕಾಳುಕಡಿಯಲ್ಲ, ಚಟ. ಬೀಡಿ ಸೇದುವವನು ಬೀಡಿ ಕಟ್ಟು ಹಾಕಿ, ಇನ್ನು ಮುಟ್ಟುವುದಿಲ್ಲ ಎಂದು ಎಲ್ಲರೆದುರು ಕೈಮುಗಿಯಬೇಕು. ಅಣ್ಣ ಗುಟ್ಕಾ ಚೀಟಿಯ ಉದ್ದನೆಯ ಸರವನ್ನೇ ಹಾಕಿದ. ಅವ್ವ ಅತ್ತಳು. ಅಣ್ಣ ಕೈಮುಗಿದು ನಿಂತ ಫೋಟೊ ನೆಂಟರ ಮೊಬೈಲುಗಳಲ್ಲೆಲ್ಲ ಓಡಾಡಿತು. ಕೆಲವು ತಿಂಗಳು ಖರೇನೇ ಮುಟ್ಟಲಿಲ್ಲ. ಬಾಯಿ ತುಸು ಸಡಿಲವಾಗಿ, ಕಟಕ್ ರೊಟ್ಟಿಯನ್ನು ಮುರಿದು ಮುರಿದು ತಿಂದ.

ಆಮೇಲೆ ಲಕ್ಷ್ಮೇಶ್ವರದ ಹುಡುಗ ಗೊತ್ತಾದ. ನಿಶ್ಚಯಕ್ಕೆ ನಾವೆಲ್ಲ ಬೀಗರ ಮನೆಗೆ ಹೋದೆವು. ಊಟವಾದ ಮೇಲೆ ಎಲೆ ಅಡಿಕೆಯ ತಾಟು ಬಂತು. ಅಣ್ಣ ಅನುಮಾನಿಸಿದ್ದನ್ನು ಕಂಡು ಆ ಮನೆಯ ಹಿರಿಯರು, "ನಮ್ಮ ಮನಿ ಎಲಿ ಅಡಿಕಿ ಒಲ್ಲೆ ಅಂದ್ರ ಸಂಬಂಧನ ಒಲ್ಲೆ ಅಂದಂಗ ಆಗ್ತೈತ್ರಿ ಬೀಗರ" ಎಂದು ನಕ್ಕರು. ನಾನು ಪಕ್ಕಕ್ಕೆ ಬಂದು ಮೆಲ್ಲಗೆ, "ಅಣ್ಣ, ಡಾಕ್ಟರ್ ಏನಂದಾರ?" ಎಂದೆ.

"ಜೋಳಿಗ್ಯಾಗ ಹಾಕಿದ್ದು ಚೀಟಿ, ಅಡಿಕಿ ಅಲ್ಲ. ಸುಮ್ಕಿರು."

ಅವ್ವನೂ ಅವನ ಪರವಾಗಿಯೇ ನಿಂತಳು. "ಎಲಿ ಅಡಿಕಿ ದೇವರ ಮುಂದ ಇಡ್ತೀವಿ. ಅದ್ಹೆಂಗ ಚಟ ಆಗ್ತೈತಿ?"

ಅಡಿಕೆಯ ಹೋಳು ಬಾಯಿಗೆ ಹೋಯಿತು. ಕೈಯಲ್ಲಿ ತೆಗೆದುಕೊಂಡು, ಹಣೆಗೆ ಒತ್ತಿ, ಕಿಸೆಗೆ ಹಾಕಿಕೊಂಡಿದ್ದರೆ ಯಾವ ಬೀಗರೂ ಬಾಯಿ ತೆರೆಸಿ ನೋಡುತ್ತಿರಲಿಲ್ಲ. ಅಷ್ಟೂ ತಿಳಿಯದವನೇನಲ್ಲ ಅವನು. ಅವನಿಗೆ ಬೇಕಾಗಿದ್ದದ್ದು ಒಂದು ನೆಪ, ಬೀಗರು ಅದನ್ನು ತಾಟಿನಲ್ಲಿಟ್ಟು ಕೊಟ್ಟರು.

ಮೊದಲು ಊಟದ ಮೇಲೆ ಒಂದು ಹೋಳು. ಆಮೇಲೆ ಅಂಗಡಿಯ ಗಲ್ಲೆಯ ಪಕ್ಕ ಅಡಿಕೆಯ ಡಬ್ಬಿ. ಹೆಚ್ಚು ದಿನ ಬೇಕಾಗಲಿಲ್ಲ, ಎರಡು ಚೀಟಿ ಹರಿದು ಕೂಡಿಸಿ ಬಾಯಿಗೆ ಸುರಿದುಕೊಳ್ಳತೊಡಗಿದ. ಅಂಗಡಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವ ಗೆಳೆಯರಿಗೆ ಹಿಗ್ಗೋ ಹಿಗ್ಗು. "ಈಗ ನೋಡ್ರಿ, ಸಾವ್ಕಾರ್ರು ಮೊದಲಿನಂಗ ಆದ್ರು." ಜಡ್ಡು ಬಿದ್ದು ಎದ್ದವನನ್ನು ಹೊಗಳುವ ಧಾಟಿ. ಥೂ, ಇಂಥವರೂ ಗೆಳೆಯರು.

ನಾನಿರುವ ಬೆಟಗೇರಿಯಿಂದ ಅಣ್ಣನ ಮನೆಗೆ ಹೋಗಿ ಮುಖಕ್ಕೆ ಹೇಳಿದೆ. "ಅಣ್ಣ, ನೀ ಬಿಟ್ಟದ್ದನ್ನ ಹೊಳ್ಳಿ ತಿನ್ನಾಕತ್ತಿ. ಇದಕ್ಕ ಬ್ಯಾನಿ ಅನಬ್ಯಾಡ, ಗೀನಿ ಅನಬ್ಯಾಡ. ನಿನ್ನ ಹಮಾಲಗ ಏನಂದಿದ್ದಿ, ಅದನ್ನ ಅನ್ನು."

ಅಣ್ಣ ಎದ್ದು ಹೊರಗೆ ಉಗುಳಲು ಹೋದ. ಅವ್ವ ನನ್ನನ್ನೇ ಬೈದಳು. "ದುಡಿಯೂ ಗಂಡಸಿಗೆ ಹಂಗ ಅನಬಾರದು. ಲಗ್ನದ ಗದ್ದಲ ಮುಗೀಲಿ, ತಾನ ಬಿಡ್ತಾನ." ಅಷ್ಟರಲ್ಲಿ ವೈನಿ ಅವನಿಗೆಂದು ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿಡುತ್ತಿದ್ದಳು. ಆ ಮನೆಯಲ್ಲಿ ನನಗೆ ಒಬ್ಬರ ಮೇಲೂ ಮರ್ಯಾದೆ ಉಳಿಯಲಿಲ್ಲ.

ಲಗ್ನದ ಹೊತ್ತಿಗೆ ಅವನ ಬಾಯಿಯಲ್ಲಿ ಒಂದು ಬೆರಳು ಹೋಗುವುದೂ ಕಷ್ಟವಾಗಿತ್ತು. ಅಕ್ಕಿಕಾಳು ಬಿದ್ದವು, ಊಟವಾಯಿತು, ಮಗಳನ್ನು ಒಪ್ಪಿಸಿಕೊಡುವ ಹೊತ್ತು ಬಂತು. ತಂದೆಯಾದವನು ಮಗಳ ಕೈಯನ್ನು ಅತ್ತೆಯ ಕೈಯಲ್ಲಿಟ್ಟು ನಾಲ್ಕು ಮಾತು ಆಡಿ ಒಪ್ಪಿಸಬೇಕು. ಅಣ್ಣ ಕೈ ಇಟ್ಟ, ಏನೋ ಅಂದ. ಹಲ್ಲಿನ ಸಂದಿಯಿಂದ ಗೊಗ್ಗರು ದನಿಯಷ್ಟೇ ಬಂತು.

"ಏನಂದ್ರಿ ಬೀಗರ?" ಎಂದು ಬೀಗಿತ್ತಿ ಕಿವಿ ಮುಂದೆ ಮಾಡಿದರು. ಅಣ್ಣ ಮತ್ತೆ ಅಂದ. ಹಿಂದೆ ನಿಂತಿದ್ದ ಗಂಡಿನ ಕಡೆಯ ಹುಡುಗರು ಕಿಸಕ್ಕೆಂದರು. ಅಣ್ಣನ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಅವ್ವ ಲಗುಬಗೆಯಿಂದ ಮುಂದೆ ಬಂದು, "ದುಃಖ ಉಕ್ಕಿ ಬಂದೈತ್ರಿ, ಮಾತು ಹೊಂಡವಲ್ದು" ಎಂದಳು. ಮತ್ತೊಂದು ಮೆತ್ತನೆಯ ಮಾತು.

ಹುಡುಗಿ ಬಾಸಿಂಗ ಸರಿಸಿ ತಲೆ ಎತ್ತಿದಳು.

"ದುಃಖ ಅಲ್ರಿ ಅತ್ತಿ. ಅಪ್ಪಾರು ಬಿಟ್ಟಿದ್ರು, ಮತ್ತ ತಿನ್ನಾಕ ಹತ್ಯಾರ. ಬಾಯಿ ತೆರಿಯೂದಿಲ್ಲ. 'ನನ್ನ ಮಗಳನ್ನ ನಿಮ್ಮ ಉಡಿಯಾಗ ಹಾಕೀನಿ, ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೋರಿ' ಅಂತ ಹೇಳಾಕತ್ತಾರ."

ತನ್ನನ್ನು ತಾನೇ ಒಪ್ಪಿಸಿಕೊಟ್ಟಳು. ಅಣ್ಣ ಹೌದೆಂದು ತಲೆ ಆಡಿಸಿದ.