ಎಲೆ ಸಾಲದ ಹಬ್ಬ

ಕಡಕೊಳದ ಕಾರ್ಖಾನೆಯಲ್ಲಿ ಎಲ್ಲರಿಗೂ ಇಮೇಲ್ ಕಳಿಸುವುದು ನನ್ನ ಕೆಲಸವಾಗಿತ್ತು. ಕಂಪ್ಯೂಟರಿನಲ್ಲಿ ಅದಕ್ಕೆಂದೇ ಒಂದು ಪುಟ. ಅದರಲ್ಲಿ ಅಧಿಕಾರಿಗಳು, ಕಾಯಂ ನೌಕರರು, ಗುತ್ತಿಗೆ ಕಾರ್ಮಿಕರು ಎಂದು ಮೂರು ಚೌಕ. ಯಾವ ಚೌಕಕ್ಕೆ ಟಿಕ್ ಹಾಕುತ್ತೇನೋ ಅವರ ಫೋನಿಗೆಲ್ಲ ಮೇಲ್ ಹೋಗುತ್ತಿತ್ತು.

ಆಯುಧಪೂಜೆಯ ಹಿಂದಿನ ದಿನ ಊಟದ ಆಹ್ವಾನ ಬರೆದು ಮೂರಕ್ಕೂ ಟಿಕ್ ಹಾಕಿದೆ. ಹಿಂದೆ ನಿಂತಿದ್ದ ಮ್ಯಾನೇಜರು ಪರದೆಗೆ ಬೆರಳು ತೋರಿಸಿ, "ಆ ಕೊನೇದು ತೆಗೆದ್ಬುಡಿ. ಅವರನ್ನೆಲ್ಲ ಕರೆದ್ರೆ ಬಾಳೆಎಲೆ ಸಾಲಲ್ಲ ಕಣ್ರೀ," ಎಂದರು. ಕಿಟಕಿಯಾಚೆ ಅದೇ ಗುತ್ತಿಗೆಯವರು ಯಂತ್ರಗಳ ಜಿಡ್ಡು ಉಜ್ಜಿ ಬಾಳೆಕಂದು ಕಟ್ಟುತ್ತಿದ್ದರು.

"ಪೂಜೆಗೆ ದುಡೀತಿರೋರೇ ಅವರಲ್ವಾ ಸಾರ್?" ಎಂದೆ.

"ಅದು ಅವರ ಕೆಲ್ಸ," ಎನ್ನುತ್ತ ಮೌಸ್ ಕಸಿದುಕೊಂಡು ಟಿಕ್ಕನ್ನು ತಾವೇ ಅಳಿಸಿದರು.

ಆಮೇಲೆ ಇನ್ನೊಂದು ಮೇಲ್ ಬರೆಸಿದರು. ಈ ಸಲ ಆ ಕೊನೆಯ ಚೌಕಕ್ಕೆ ಮಾತ್ರ ಟಿಕ್. ಊಟ ಮುಗಿದ ಮೇಲೆ ಎಂಜಲೆಲೆ ತೆಗೆಯಲು ಬರಬೇಕು ಎಂಬುದೇ ಅದರ ಸಾರ. "ಕೊನೇಲಿ ಹಬ್ಬದ ಶುಭಾಶಯ ಅಂತ ಸೇರಿಸಿ, ಚೆನ್ನಾಗಿರುತ್ತೆ," ಎಂದರು. ಸೇರಿಸಿ ಕಳಿಸಿದೆ.

ಮರುದಿನ ಮ್ಯಾನೇಜರು ರೇಷ್ಮೆ ಪಂಚೆ ಉಟ್ಟು ಬಂದರು. ಒಂದೊಂದು ಯಂತ್ರದ ಮುಂದೆಯೂ ಕುಡಿಬಾಳೆಲೆ ಹಾಸಿಸಿ, ಒಬ್ಬಟ್ಟು, ಕೋಸಂಬರಿ, ಪಾಯಸ ಬಡಿಸಿಸಿ, ಕಣ್ಣು ಮುಚ್ಚಿ ಕೈಮುಗಿದರು. ಕಬ್ಬಿಣಕ್ಕೆ ಎಲೆ ಸಾಲದೆ ಹೋಗಲಿಲ್ಲ.