ಈಳಿಗೆ ತಾಗದ ಕುಂಬಳಕಾಯಿ

ಲಗ್ಗೆರೆಗೆ ಬಂದ ಮೊದಲ ಭಾನುವಾರವೇ ನನ್ನ ಮುಂದಿದ್ದ ಈಳಿಗೆಮಣೆಯನ್ನು ಮನೆಯ ಮಾಲೀಕರಾದ ತಾಯಮ್ಮನವರು ಸರಕ್ಕನೆ ಎಳೆದುಕೊಂಡರು. ಪಂಪ್ ಸ್ಟವ್ ಮೇಲೆ ತೊಗರಿಬೇಳೆ ಕುದಿಯುತ್ತಿತ್ತು. ಯಶವಂತಪುರದ ಸಂತೆಯಿಂದ ತಂದಿದ್ದ ಪುಟ್ಟ ಸಿಹಿಗುಂಬಳವನ್ನು ಹೋಳು ಮಾಡಲು ನಾನು ಆಗಷ್ಟೇ ಕುಳಿತಿದ್ದೆ.

“ಅಯ್ಯಯ್ಯೋ, ಏನ್ ಮಾಡ್ತಿದ್ದೀಯವ್ವಾ! ಎಣ್ಮಕ್ಳು ಇಡೀ ಕುಂಬ್ಳುಕಾಯ್ ಒಡೀಬಾರ್ದು ಕಣವ್ವ. ಮೊದ್ಲು ಗಂಡುಸ್ರ ಕೈಲಿ ಒಂದೇಟು ಆಕುಸ್ಬೇಕು.”

“ಈ ಖೋಲಿಯಾಗ ಗಂಡಸರು ಯಾರದಾರ್ರೀ?” ಅಂದೆ.

“ಅದೇ ನಾನೂ ಯೋಳೋದು” ಅಂದರು. ಈಳಿಗೆಯನ್ನು ಮೂಲೆಗಿಟ್ಟು ಹೊರಟುಹೋದರು.

ನಮ್ಮೂರು ಲಿಂಗಸೂಗೂರಿನ ಕಡೆಯಿಂದ ಇದನ್ನು ಓದುತ್ತಿರುವ ನಿಮಗೆ ನಗು ಬರಬಹುದು. ನನಗೆ ಅಂದು ಮೈಯೆಲ್ಲ ಉರಿಯಿತು. ನಾನು ಮೂರು ವರ್ಷದವಳಿದ್ದಾಗ ಅಪ್ಪ ತೀರಿಕೊಂಡ. ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಕುಂಬಳಕಾಯಿ ಹೆಚ್ಚಿದ್ದು, ಕಟ್ಟಿಗೆ ಸೀಳಿದ್ದು, ಸೋರುವ ಮಾಳಿಗೆಗೆ ಮಣ್ಣು ಹಾಕಿದ್ದು ಎಲ್ಲವೂ ಅವ್ವನೇ. ಗಂಡಸರ ಒಂದೇಟಿಗೆ ಕಾದಿದ್ದರೆ ನಾವು ಉಪವಾಸವೇ ಇರಬೇಕಿತ್ತು. ತಾಯಮ್ಮ ನನ್ನನ್ನಲ್ಲ, ನನ್ನ ಅವ್ವನನ್ನೇ ಅಂದ ಹಾಗಾಯಿತು.

ಆದರೂ ಕಾಯಿಯನ್ನು ಈಳಿಗೆಯ ಪಕ್ಕಕ್ಕೆ, ಮೂಲೆಗೆ ಸರಿಸಿದೆ. ಕಾರಣವಿತ್ತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ರೇಡಿಯೋದ ಬಿಡಿಭಾಗಗಳಿಗೆ ಬೆಸುಗೆ ಹಾಕುವ ಕೆಲಸ ನನಗೆ ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. ಒಂಟಿ ಹೆಂಗಸು ಎಂದೊಡನೆ ಎಲ್ಲರ ಬಾಗಿಲೂ ಅರ್ಧಕ್ಕೇ ನಿಲ್ಲುತ್ತಿತ್ತು. ತಾಯಮ್ಮನವರದು ಲಗ್ಗೆರೆಯ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲ ಕಾರ್ಖಾನೆಗಳಿಗೆ ಹೋದ ಮೇಲೆ ಹಿತ್ತಲಲ್ಲಿ ಸಾಲಾಗಿ ಐದು ಶೀಟಿನ ಮನೆ ಕಟ್ಟಿಸಿದ್ದರು. ಕೊನೆಯದನ್ನು ನನಗೆ ಕೊಡುವಾಗ ಹೇಳಿದ್ದರು: “ಒಂದ್ ತಿಂಗ್ಳು ನೋಡ್ತೀನಿ. ಸರಿ ಓಗ್ಲಿಲ್ಲಾಂದ್ರೆ ಬ್ಯಾರೆ ಕಡೆ ನೋಡ್ಕೊ.” ಈ ಮನೆ ತಪ್ಪಿದರೆ ನನಗೆ ಬೇರೆ ಕಡೆ ಎಂಬುದೇ ಇರಲಿಲ್ಲ. ಟ್ರಂಕು ಹೊತ್ತು ಊರಿಗೆ ಮರಳಬೇಕಿತ್ತು. ಮಗಳು ಫ್ಯಾಕ್ಟರಿ ಸೇರಿದಳೆಂದು ಅವ್ವ ಅಷ್ಟರಲ್ಲಿ ಇಡೀ ಓಣಿಗೆ ಸಕ್ಕರೆ ಹಂಚಿಯಾಗಿತ್ತು.

ನಮ್ಮಲ್ಲಿ ಮನೆಯ ಗೋಡೆ ಎರಡು ಮೊಳ ದಪ್ಪ. ಬೇಸಿಗೆಯಲ್ಲೂ ಒಳಗೆ ತಂಪು. ಇಲ್ಲಿ ಶೀಟಿನ ಕೆಳಗೆ ಮಧ್ಯಾಹ್ನ ಕುಳಿತರೆ ಹಂಚಿನ ಮೇಲಿನ ರೊಟ್ಟಿಯ ಪಾಡು. ಅಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಏಳುತ್ತಿದ್ದೆ, ಇಲ್ಲಿ ಸೈರನ್ನಿಗೆ. ನನ್ನ “ಹೌದ್ರೀ, ಬರ್ರೀ” ಕೇಳಿ ಕಾರ್ಖಾನೆಯ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಅವರ “ಬಂದ್ಬುಟ್ಟೆ, ತಿಂದ್ಬುಟ್ಟೆ” ಕೇಳಿ ನಾನೂ ನಕ್ಕೆ. ಅಲ್ಲಿಗೆ ಲೆಕ್ಕ ಸರಿಹೋಯಿತು. ಬೆಸುಗೆಯಲ್ಲಿ ಮಾತ್ರ ನನ್ನ ಕೈಗೆ ಸಾಟಿಯಾದವರಿರಲಿಲ್ಲ. ಒಂಟಿತನ ಇತ್ತು, ಸುಳ್ಳು ಹೇಳುವುದಿಲ್ಲ. ಸಂಜೆ ಹೊಸ್ತಿಲ ಮೇಲೆ ಕುಳಿತಾಗ “ಉಂಡೇನವಾ?” ಎಂದು ಕೇಳುವ ಒಂದು ದನಿಗಾಗಿ ಜೀವ ಹಪಹಪಿಸುತ್ತಿತ್ತು.

ಕುಂಬಳಕಾಯಿ ವಾರವಿಡೀ ಮೂಲೆಯಲ್ಲಿ ಕುಳಿತು ನನ್ನನ್ನೇ ನೋಡಿತು. ಶನಿವಾರ ಬೆಸುಗೆ ಹಾಕುತ್ತಿದ್ದಾಗ ಒಂದು ಉಪಾಯ ಹೊಳೆಯಿತು. ಚಳಿಗಾಲದಲ್ಲಿ ಅವ್ವ ಇಡೀ ಕುಂಬಳಕಾಯಿಯನ್ನೇ ಕೆಂಡದಲ್ಲಿ ಹುಗಿಯುತ್ತಿದ್ದಳು. ಸಿಪ್ಪೆ ಕರಿಯಾಗಿ, ತಿರುಳು ಬೆಣ್ಣೆಯಂತಾದ ಮೇಲೆ ಬಗೆದು ತೆಗೆದು ಬೇಳೆಗೆ ಹಾಕುತ್ತಿದ್ದಳು. ಒಡೆಯುವ ಮಾತೇ ಇಲ್ಲವಲ್ಲ! ಆದರೆ ಕೆಂಡಕ್ಕಿಡುವ ಮುನ್ನ ಗೋಣಿಚೀಲ ಹೊಲಿಯುವ ದಬ್ಬಳದಿಂದ, ಒಳಗಿನ ಹಬೆ ಹೋಗಲೆಂದು, ಅದಕ್ಕೆ ನಾಲ್ಕು ಕಡೆ ತೂತು ಮಾಡುತ್ತಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ. ದಬ್ಬಳವೂ ಕಬ್ಬಿಣವೇ, ಹೆಂಗಸು ಚುಚ್ಚಿದಳೆಂಬ ಮಾತೂ ಬರಬಾರದು ಎಂಬ ಹಟ ನನ್ನದು.

ಭಾನುವಾರ ಎಲ್ಲರ ಸ್ನಾನ ಮುಗಿದ ಮೇಲೆ ಹಿತ್ತಲಿನ ನೀರೊಲೆಯ ಕೆಂಡದಲ್ಲಿ ಕುಂಬಳಕಾಯಿಯನ್ನು ಹುಗಿದು ಬಂದೆ. ತಾಯಮ್ಮನ ಗಂಡ ಮುನಿಯಪ್ಪನವರು ಮಿಂದು, ಮಡಿಕೆ ಬಿಚ್ಚಿದ ಬಿಳಿ ಪಂಚೆ ಉಟ್ಟು, ಒಲೆಯೆದುರಿನ ಕಲ್ಲಿನ ಮೇಲೆ ಕುಳಿತು ಬೀಡಿ ಹಚ್ಚಲು ಕೊಳ್ಳಿ ಹುಡುಕುತ್ತಿದ್ದರು. ನಾನು ಸ್ಟವ್ ಹಚ್ಚಿ ಬೇಳೆ ಇಟ್ಟೆ. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ‘ಢಬ್’ ಎಂದಿತು.

ಓಡಿಹೋಗಿ ನೋಡಿದರೆ ಎಲ್ಲೆಲ್ಲೂ ಬೂದಿ. ತಾಯಮ್ಮ ಆಗತಾನೇ ಒಗೆದು ಹರವಿದ ಸೀರೆಗಳ ಮೇಲೆ ಬೂದಿ. ಮುನಿಯಪ್ಪನವರು ತಲೆಯಿಂದ ಪಂಚೆಯವರೆಗೆ ಭಸ್ಮ ಬಳಿದುಕೊಂಡ ಸನ್ಯಾಸಿಯಂತೆ ಕುಳಿತಿದ್ದರು. ಹಚ್ಚದ ಬೀಡಿ ಬಾಯಲ್ಲೇ ಇತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ನಾನು ಮನಸ್ಸಿನಲ್ಲೇ ಟ್ರಂಕಿಗೆ ಹಗ್ಗ ಕಟ್ಟಿದೆ.

ತಾಯಮ್ಮ ಬಂದು ಒಲೆಗೆ ಕೋಲು ಹಾಕಿ ಕೆದಕಿದರು. ಎರಡು ಹೋಳಾದ ಕುಂಬಳಕಾಯಿ ಹೊರಬಂತು.

“ಯಾರವ್ವ ಇದನ್ನ ಒಡ್ದಿದ್ದು?”

“ಯಾರೂ ಒಡದಿಲ್ರೀ. ತಾನಾ ಒಡೀತು. ನಾನು ಈಳಿಗಿ ಮುಟ್ಟಿಲ್ರೀ, ದೇವರಾಣಿ.”

ಅವರು ಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಗಂಡನನ್ನು ನೋಡಿದರು. “ಮುಂದ್ಗಡೆ ಗಂಡುಸ್ರು ಕೂತಿದ್ರಲ್ಲ, ಅಷ್ಟು ಸಾಕು ಬುಡು” ಎಂದವರೇ, ಸೆರಗನ್ನು ಬಾಯಿಗೊತ್ತಿಕೊಂಡು ನಗತೊಡಗಿದರು. ನಕ್ಕು ನಕ್ಕು ನೆಲಕ್ಕೇ ಕುಳಿತರು. ನನಗೆ ಮೊದಲು ಅಳು ಬಂತು, ಆಮೇಲೆ ನಗು.

ಸೀರೆಗಳನ್ನೂ ಪಂಚೆಯನ್ನೂ ನಾನೇ ಮತ್ತೆ ಒಗೆದೆ. ಆಮೇಲೆ ಅಡುಗೆಗೆ ಕುಳಿತೆ. ಬೂದಿ ಮೆತ್ತಿದ ಕಡೆ ತೆಗೆದುಹಾಕಿ, ಸುಟ್ಟ ತಿರುಳನ್ನು ಬೆಂದ ಬೇಳೆಯೊಂದಿಗೆ ಕಡೆಗೋಲಿನಿಂದ ನುಣ್ಣಗೆ ಕಡೆದೆ. ಹುರಿದು ಕುಟ್ಟಿದ ಜೀರಿಗೆ, ಕೊತ್ತಂಬರಿ ಬೀಜ, ಕರಿಮೆಣಸು ಬೆರೆಸಿ, ಹುಣಸೆರಸ ಬಿಟ್ಟು ಕುದಿಸಿದೆ. ಊರಿಂದ ತಂದ ಕುಸುಬೆ ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕೆಂಪಗೆ ಮಾಡಿ ಒಗ್ಗರಣೆ ಕೊಟ್ಟಾಗ ಸಾಲಿನ ಉಳಿದ ನಾಲ್ಕೂ ಬಾಗಿಲು ತೆರೆದವು.

ಮುನಿಯಪ್ಪನವರು ಕಾರ್ಖಾನೆಯೊಂದರಲ್ಲಿ ತೋಟದ ಕೆಲಸಕ್ಕಿದ್ದರು. ನಾನು ಹಾಕಿಕೊಟ್ಟ ಲೋಟ ಎತ್ತಿ ಒಂದು ಗುಟುಕು ಕುಡಿದು ತೀರ್ಪು ಕೊಟ್ಟರು: “ಇದು ಸೂಪು ಕಣಮ್ಮಿ. ನಮ್ ಫ್ಯಾಕ್ಟ್ರೀಗೆ ಫಾರಿನ್ನೋರು ಬಂದಾಗ ಕ್ಯಾಂಟೀನಲ್ಲಿ ಇಂಗೇ ಲೋಟಕ್ಕಾಕಿ ಕೊಡ್ತಾರೆ. ಆದ್ರೆ ಅದ್ರಲ್ಲಿ ಕಾರ ಇರಲ್ಲ.” ತಾಯಮ್ಮ ಮುದ್ದೆ ಮುರಿದು ಅದ್ದಿದರು. “ವಸಿ ಸೀ ಐತೆ. ಉಣ್ಬೋದು” ಎಂದು ಮತ್ತೆ ಎರಡು ಸಲ ಹಾಕಿಸಿಕೊಂಡರು. ನಮ್ಮಲ್ಲಿ ಅದನ್ನು ರೊಟ್ಟಿಗೆ ಹಚ್ಚಿಕೊಳ್ಳುವಷ್ಟು ಗಟ್ಟಿ ಮಾಡುತ್ತೇವೆ. ಇಲ್ಲಿ ಮುದ್ದೆ ಜಾರಿ ಒಳಗಿಳಿಯಬೇಕಲ್ಲ, ನಾನೂ ನೀರು ಹೆಚ್ಚು ಬಿಟ್ಟು ತೆಳ್ಳಗೆ ಮಾಡುವುದನ್ನು ಕಲಿತೆ.

ತಿಂಗಳು ತುಂಬಿದ ದಿನ ಧೈರ್ಯ ಮಾಡಿ ಕೇಳಿದೆ, “ಅಮ್ಮಾರೇ, ಒಂದು ತಿಂಗಳು ಅಂದಿದ್ರಲ್ರೀ?”

“ಯಾವ್ ತಿಂಗ್ಳು?” ಅಂದರು ತಾಯಮ್ಮ. “ಇನ್ಮ್ಯಾಕೆ ಕುಂಬ್ಳುಕಾಯ್ ತಂದ್ರೆ ನಮ್ಮೋರ್ನ ಕರಿ, ಒಂದೇಟು ಆಕ್ಕೊಡ್ತಾರೆ. ಒಲೇಗ್ ಮಾತ್ರ ಉಗೀಬ್ಯಾಡ ಕಣೆ, ನಮ್ಮಮ್ಮ.”

ಅಂದಿನಿಂದ ಅದೇ ರೂಢಿಯಾಯಿತು. ನಾನು ಕಾಯಿ ತಂದರೆ ಮುನಿಯಪ್ಪನವರು ಕೈ ತೊಳೆದು ಬಂದು, ಮಚ್ಚಿನಿಂದ ಒಂದೇ ಏಟು ಹಾಕಿ, ಏನೂ ಆಗಿಲ್ಲವೆಂಬಂತೆ ಹೋಗುತ್ತಿದ್ದರು. ಆ ನೇಮವನ್ನು ನಾನು ಇಂದಿಗೂ ಒಪ್ಪಿಲ್ಲ. ಆದರೆ ಅವರನ್ನು ಕರೆಯದೆ ಒಂದು ಸಲವೂ ಕಾಯಿ ಹೆಚ್ಚಿಲ್ಲ. ಹೀಗೇ ಐದು ವರ್ಷ ಕಳೆಯಿತು.

ಕಳೆದ ತಿಂಗಳು ರಜೆ ಹಾಕಿ ಊರಿಗೆ ಹೋಗಿದ್ದೆ. ನನಗಿಷ್ಟವೆಂದು ಅವ್ವ ಕುಂಬಳಕಾಯಿ ತಂದು, ಈಳಿಗೆಯ ಮುಂದೆ ಕುಳಿತು, ಎರಡೂ ಕೈಯಲ್ಲಿ ಕಾಯಿ ಎತ್ತಿದಳು. ನನ್ನ ಬಾಯಿ ನನ್ನನ್ನು ಕೇಳದೆಯೇ ಆಡಿಬಿಟ್ಟಿತು.

“ತಡಿ ಅವ್ವಾ, ಮುನಿಯಪ್ಪನೋರನ್ನ ಕರೀತೀನಿ.”

ಅವ್ವ ಎತ್ತಿದ ಕಾಯಿಯನ್ನು ಹಾಗೇ ಹಿಡಿದು ಕೇಳಿದಳು, “ಯಾರವಾ ಅವರು?”

“ನಮ್ಮೂರವ್ರು” ಅಂದೆ.

ಅವ್ವ ಕಾಯಿಯನ್ನು ಮೆಲ್ಲಗೆ ಕೆಳಗಿಟ್ಟಳು. “ಹಂಗಾರ ಇದು ಯಾರ ಊರವಾ?”

ಒಲೆಯಲ್ಲಿ ಕೆಂಡ ಇನ್ನೂ ಇತ್ತು. ನಾನು ಅವ್ವನ ದಬ್ಬಳ ಹುಡುಕಲು ಎದ್ದೆ.